ಟೇಕ್ ಕೇರ್ ಚಾರ್ಟು ಕಾಣೆಯಾದ ದಿನ

ಊಟದ ಬಿಡುವು ಮುಗಿದು ಟೀಚರಮ್ಮ ಮಹಡಿಯ ಕೋಣೆಗೆ ಬಂದಾಗ ಗೋಡೆ ಖಾಲಿಯಾಗಿತ್ತು. ಬೆಳಿಗ್ಗೆ ಅಲ್ಲೊಂದು ದೊಡ್ಡ ಚಾರ್ಟು ಇತ್ತು. ‘ಟೇಕ್ ಕೇರ್ ಆಫ್’ ಎಂಬ ಇಂಗ್ಲಿಷ್ ಮಾತಿನ ಸ್ಪೆಲ್ಲಿಂಗು, ಕೆಳಗೆ ಕನ್ನಡದಲ್ಲಿ ಉಚ್ಚಾರಣೆ, ಆಮೇಲೆ ಟೇಕ್, ಟುಕ್, ಟೇಕನ್ ಎಂದು ಮೂರು ರೂಪ. ಗಿರಾಕಿಗಳೆದುರು ನಮ್ಮ ಶರ್ಟ್ ಕಾರ್ಖಾನೆಯವರೂ ನಾಲ್ಕು ಇಂಗ್ಲಿಷ್ ಮಾತು ಆಡಲಿ ಎಂದು ಯಜಮಾನರ ಸೊಸೆಯಾದ ಟೀಚರಮ್ಮ ಎಲ್ಲರಿಗೂ ಪಾಠ ಹೇಳುತ್ತಿದ್ದರು. ಮಾರನೆಯ ದಿನ ಬರೆಯುವ ಪರೀಕ್ಷೆ.

ಅನುಮಾನ ಗುಂಡಿತೂತಿಗೆ ಕಾಜಾ ಹೊಲಿಯುವವಳ ಮೇಲೆ ಬಿತ್ತು. ಎರಡು ಸಲ ತಪ್ಪು ಹೇಳಿ ನಗೆಪಾಟಲಾಗಿದ್ದ ಅವಳು, ಆ ಚಾರ್ಟನ್ನು ಹರಿದು ಒಲೆಗೆ ಹಾಕಬೇಕು ಎಂದು ಎಲ್ಲರೆದುರೇ ಅಂದಿದ್ದಳು. ಬಿಡುವಿನಲ್ಲಿ ಅವಳು ಮೆಟ್ಟಿಲಿಳಿದು ಬಂದದ್ದನ್ನು ಕಂಡವನು ನಾನು. ಸೂಪರ್‌ವೈಸರ್ ಕೇಳಿದಾಗ ಹೌದು ಎಂದೆ. ಅದೇನೂ ಸುಳ್ಳಲ್ಲ. ಮರೆತ ಕನ್ನಡಕ ತರಲು ಹೋಗಿದ್ದೆನೆಂದು ಅವಳು ಅತ್ತಳು. ಸಂಜೆಯೊಳಗೆ ಚಾರ್ಟು ಸಿಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು ಸೂಪರ್‌ವೈಸರ್. ಅವಳ ಮನೆ ನಡೆಯುತ್ತಿದ್ದುದು ಅವಳೊಬ್ಬಳ ದುಡಿಮೆಯಿಂದ.

ನಮ್ಮಲ್ಲಿ ಏನು ಕಳೆದರೂ ಹುಡುಕಿಕೊಡುವವರು ಗುಂಡಿ ಅಕ್ಕ. ಗುಂಡಿ, ದಾರದ ಸ್ಟೋರು ನೋಡಿಕೊಂಡು ಅದರ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಕಟಿಂಗ್ ಮಾಸ್ಟರ್ ಆದ ನಾನು ಹದಿನೆಂಟು ವರ್ಷ ಅವರ ಹಿಂದೆ ಟಾರ್ಚು ಹಿಡಿದು ತಿರುಗಿದವನು. ಅಂದೂ ಹಿಡಿದೆ.

ಗೋಡೆಯ ಮೇಲೆ ಹರಿದ ಚೂರೊಂದೂ ಉಳಿದಿರಲಿಲ್ಲ. ನಾಲ್ಕು ಪಿನ್ನುಗಳೂ ಡಬ್ಬಿಯಲ್ಲಿದ್ದವು.

"ಸಿಟ್ಟಲ್ಲಿ ಕಿತ್ತವರು ಪಿನ್ನು ಡಬ್ಬಿಗೆ ಹಾಕ್ತಾರಾ ಮಾಸ್ಟ್ರೇ?"

ಹಾಕುವುದಿಲ್ಲ ಎಂದೆ.

ಕೆಳಗೆ ಬಂದು ನನ್ನ ಕಟಿಂಗ್ ಮೇಜಿನ ಕಂದು ಹಾಳೆಯ ಮೇಲೆ ಓರೆಯಾಗಿ ಬೆಳಕು ಬಿಡಿಸಿದರು. ಸೂಜಿಮೊನೆಯಷ್ಟು ಚುಕ್ಕೆಗಳು ಸಾಲುಸಾಲಾಗಿ ಕಂಡವು.

"ಇದು ಯಾವ ಶರ್ಟಿನ ಅಳತೆ?"

"ಯಾವುದೋ ಹಳೇದಿರ್ಬೇಕು ಅಕ್ಕಾ."

"ಹಾಳೆ ಇವತ್ತು ಬೆಳಿಗ್ಗೆ ಹಾಸಿದ್ದಲ್ವಾ?"

ನಾನು ಟಾರ್ಚು ಆರಿಸಿದೆ.

ಐದು ಗಂಟೆಗೆ ಅಕ್ಕ ಎಲ್ಲರನ್ನೂ ಮಹಡಿಗೆ ಕರೆಸಿದರು. ಕಾಜಾದವಳು ಬಾಗಿಲ ಬಳಿಯೇ ನಿಂತಿದ್ದಳು, ಕೈಯಲ್ಲಿ ಊಟದ ಡಬ್ಬಿ. ಗುಂಡಿ ಅಕ್ಕ ಆತುರವಿಲ್ಲದೆ ಹೇಳಿದರು. ಪಿನ್ನು ಜೋಪಾನ ಮಾಡಿದವರಿಗೆ ಚಾರ್ಟು ಬೇಕಾಗಿತ್ತು, ವಾಪಸು ತಗುಲಿಸುವ ಮನಸ್ಸೂ ಇತ್ತು. ಅದನ್ನು ಕಟಿಂಗ್ ಮೇಜಿನ ಮೇಲಿಟ್ಟು, ಅಳತೆಯ ಗೆರೆ ಇಳಿಸುವ ಹಲ್ಲಿನ ಚಕ್ರವನ್ನು ಅಕ್ಷರದ ಮೇಲೆ ಉರುಳಿಸಿ, ನಾಳೆಯ ಪರೀಕ್ಷೆಗೆಂದು ಇನ್ನೊಂದು ಹಾಳೆಗೆ ಇಳಿಸಿಕೊಂಡಿದ್ದಾರೆ. ಆ ಹಾಳೆಯನ್ನೂ ತೂರಿದ ಚುಕ್ಕೆ ಕೆಳಗಿನ ಕಂದು ಹಾಳೆಯ ಮೇಲೆ ಬಿದ್ದಿದೆ. ಚಾರ್ಟು ತೂತುಬಿದ್ದು ಹರಿದಿರಬೇಕು, ಅದಕ್ಕೇ ತಗುಲಿಸಲಾಗದೆ ಬಚ್ಚಿಟ್ಟಿದ್ದಾರೆ.

"ಓದು ಬಂದವರು ಪೆನ್ಸಿಲಲ್ಲಿ ನೋಡ್ಕೊಂಡು ಬರೀತಿದ್ರು. ಕಾಜಾದವಳಿಗೂ ಅಷ್ಟು ಬರುತ್ತೆ. ಅಕ್ಷರನ ಕಾಲರ್ ಥರ, ತೋಳಿನ ಥರ ನೋಡೋರು ಮಾತ್ರ ಚಕ್ರ ಉರುಳಿಸ್ತಾರೆ."

ಹೆಸರನ್ನು ಅವರು ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಎದ್ದುಹೋಗಿ ನನ್ನ ಪ್ಯಾಟರ್ನುಗಳ ಕಟ್ಟಿನಿಂದ ಚಾರ್ಟು ತಂದು ಟೀಚರಮ್ಮನ ಮುಂದಿಟ್ಟೆ. ದಿನಾ ಪೇಪರು ಬಿಡಿಸಿ ಕೂರುತ್ತಿದ್ದವನು ನಾನು. ನನಗೆ ಓದು ಬರುತ್ತದೆಂದೇ ಎಲ್ಲರೂ ನಂಬಿದ್ದರು. ಬರುವುದಿಲ್ಲ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕಾಜಾದವಳು ಹತ್ತಿರ ಬಂದಳು. "ಓದಕ್ಕೆ ಬರದೇ ಇದ್ರೆ ಏನಾಯ್ತು ಮಾಸ್ಟ್ರೇ, ನಾನೇ ಹೇಳ್ಕೊಡ್ತಿದ್ದೆ. ಆದ್ರೆ ನಾನು ಅಳ್ತಾ ಇದ್ದಾಗ ನೀವು ಅಲ್ಲೇ ನಿಂತಿದ್ರಲ್ಲ."

ಅವಳ ಕೆಲಸ ಉಳಿಯಿತು. ಊಟದ ಬಿಡುವಿನಲ್ಲಿ ಅವಳೇ ನನಗೆ ಅಕ್ಷರ ತಿದ್ದಿಸಿದಳು; ಈ ಸಾಲುಗಳನ್ನು ಬರೆದದ್ದು ಆ ಅಕ್ಷರಗಳಲ್ಲೇ.

ಗುಂಡಿ ಅಕ್ಕ ಈಗಲೂ ಏನಾದರೂ ಕಳೆದರೆ ನನ್ನನ್ನು ಜೊತೆಗೆ ಕರೆಯುತ್ತಾರೆ. ಟಾರ್ಚು ಮಾತ್ರ ತಾವೇ ಹಿಡಿದುಕೊಳ್ಳುತ್ತಾರೆ.