ಹೊಸ್ತಿಲ ಕೆಳಗಿನ ದನಿ

ಸುಂದರವ್ವ ಚೇತನಕುಮಾರನ ರಟ್ಟೆ ಹಿಡಿದವಳು ಬಿಡಲೇ ಇಲ್ಲ. ಆ ಮುದುಕಿಯ ಕೈಯಲ್ಲಿ ಅಷ್ಟು ಕಸುವಿದ್ದೀತೆಂದು ಅವನು ಎಣಿಸಿರಲಿಲ್ಲ. ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಪಾಳುಬಿದ್ದ ವಾಡೆಯ ಹೆಬ್ಬಾಗಿಲಿನ ಹೊಸ್ತಿಲು ತೋರಿಸಿದಳು. ಆಮೇಲೆ ಅದೇ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು, ಬೇಡ ಬೇಡ ಎಂಬಂತೆ ತಲೆಯಾಡಿಸಿದಳು. ಏನೋ ಹೇಳಲು ಬಾಯಿ ತೆರೆದರೆ ಗಂಟಲಿನಿಂದ ಬರೀ ಗಾಳಿ ಬಂತು.

"ನಮ್ಮ ಅಕ್ಕಗ ಮಾತು ಬರಂಗಿಲ್ರಿ," ಎಂದ ವಾಡೆಯ ಒಡೆಯ ಗುರುಲಿಂಗಪ್ಪ. ಕೀಲಿಕೈ ಕೊಡುವಾಗ ಅವನು ನೆಲ ನೋಡುತ್ತಿದ್ದ. "ಒಳಗ ಅಡ್ಡಾಡ್ರಿ, ಫೋಟೊ ತಕ್ಕೊಳ್ರಿ, ನಿಮ್ಮ ಹುಡುಗರಿಗೆ ಏನ್ ಕಲಸ್ತೀರಿ ಕಲಸ್ರಿ. ಆ ಹೊಸ್ತಲದ ಬುಡಕ ಮಾತ್ರ ಏನೂ ಹೂಳಬ್ಯಾಡ್ರಿ. ನಮ್ಮ ಮುತ್ತಜ್ಜಿ ತನ್ನ ಸೊಸಿ ಬಾಯಿ ಕಟ್ಟಿಸಿ, ಮಾಟದ ಗೊಂಬಿ ಅಲ್ಲೇ ಹುಗಿಸಿದ್ಲು. ಆವಾಗಿಂದ ಆ ಮಣ್ಣಿಗೆ ದನಿ ರುಚಿ ಹತ್ತೇತಿ."

"ಚ್ಯಾಷ್ಟಿಗೆ ಹೂಳಿದ್ರ?" ಚೇತನ ನಕ್ಕ.

"ಆ ಮಣ್ಣಿಗೆ ಚ್ಯಾಷ್ಟಿ ತಿಳಿಯಂಗಿಲ್ರಿ ಸರ."

ಚೇತನ ಇನ್ನೂ ಜೋರಾಗಿ ನಕ್ಕ. ಇಂಡಿ ಊರಿನ ಗಂಡಸು ಅವನು. ಮನೆಯ ಹಿತ್ತಲು ದಾಟಿದರೆ ಲಿಂಬೆಯ ತೋಟ. ಲಿಂಬೆಹಣ್ಣಿಗೆ ಕುಂಕುಮ ಹಚ್ಚಿ ಅವನನ್ನು ಅಂಜಿಸುವುದೆಂದರೆ ಬೆಸ್ತನಿಗೆ ಮೀನು ತೋರಿಸಿ ಅಂಜಿಸಿದಂತೆ. ಅಕ್ಕ ತಮ್ಮ ಇಬ್ಬರೂ ಎದುರಿನ ಮನೆಗೆ ಹೋದದ್ದೇ ತಡ, ಅವನು ಚೀಲದಿಂದ ಕಣಕದ ಗೊಂಬೆ ತೆಗೆದ. ಹೊಸ್ತಿಲ ಬುಡದಲ್ಲಿ ಗುಣಿ ತೋಡಿ ಹೂತ. ಅಂಗಾಲಿನಿಂದ ಮಣ್ಣು ಸಮ ಮಾಡಿ ಸಿಳ್ಳೆ ಹಾಕಿದ.

ಸೊಕ್ಕು ಎನ್ನುವವರು ಎನ್ನಲಿ, ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅವನ ಹೆಂಡತಿ ಸುನಂದಾಳಿಗೆ ಜ್ವರ ನೆತ್ತಿಗೇರಿದಾಗ ಅವನು ಊರಲ್ಲಿರಲಿಲ್ಲ. ತವರಿನವರು ಮಾಟವೆಂದು ಬಗೆದು ಮುದ್ದೇಬಿಹಾಳದ ಕಡೆಯ ಮಂತ್ರವಾದಿಯೊಬ್ಬನ ಅಂಗಳದಲ್ಲಿ ಅವಳನ್ನು ಮಲಗಿಸಿದ್ದರು. ಚೇತನ ಓಡಿಬಂದಾಗ ಅವಳ ಸುತ್ತ ಕೊಯ್ದ ಲಿಂಬೆಹಣ್ಣುಗಳ ರಾಶಿ ಬಿದ್ದಿತ್ತು. ಆಸ್ಪತ್ರೆಯ ಬಾಗಿಲಿನವರೆಗೆ ಜೀವ ಇತ್ತು, ಒಳಗೆ ಹೋಗುವಷ್ಟರಲ್ಲಿ ಇರಲಿಲ್ಲ. ಅಂದಿನಿಂದ ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಎಲ್ಲಿ ದೆವ್ವ ಎಂದರೆ ಅಲ್ಲಿಗೆ ಹೋದ, ದೆವ್ವವಿಲ್ಲವೆಂದು ತೋರಿಸಿಕೊಟ್ಟ. ಒಬ್ಬನಿಂದ ಆಗುವ ಕೆಲಸವಲ್ಲವೆಂದು ಹುಡುಗರಿಗೆ ಕಲಿಸಲು ನಿಂತ. ತಾನೇ ಸುಳ್ಳು ಮಾಟ ಮಾಡಿ ಪಾಳುಮನೆಯಲ್ಲಿ ಅಡಗಿಸಿಡುವುದು, ಅವರು ಹುಡುಕಿ ತೆಗೆದು ಬಿಚ್ಚುವುದು. ಇದು ಅವನ ಪಾಠ. ಬಿಚ್ಚಿದರೆ ಹಿಟ್ಟು, ದಾರ, ಕೂದಲು. ಇಷ್ಟಕ್ಕಾಗಿ ನನ್ನ ಹೆಂಡತಿ ಸತ್ತಳು ಎಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹುಡುಗರಿಗೆ ಗೊತ್ತಾಗುತ್ತಿತ್ತು.

ಸುನಂದಾ ಬಿಟ್ಟುಹೋದದ್ದು ಒಂದೇ. ಒಂದನೇ ಇಯತ್ತೆ ಓದುವ ಮಗಳು ಶೈಲಶ್ರೀ. ಮುಖವೆಲ್ಲ ಅಪ್ಪನದು, ದನಿ ಮಾತ್ರ ಅವ್ವನದು, ಮಾತಿನ ಕೊನೆಗೆ ಅದೇ ಎಳೆತ. ಚೇತನ ಕೆಲಸದ ಮೇಲೆ ಹೋದ ದಿನ ಅವಳು ಸೋದರತ್ತೆ ಸುರೇಖಾಳ ಮನೆಯಲ್ಲಿದ್ದು, ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಯಾವಾಗಲೂ ಅದೇ ಮಾತು. "ಅಪ್ಪಾ, ಹಾಲ ಕುಡದೇನಿ. ಜಡಿ ಬಿಚ್ಚಿಲ್ಲ. ಕತಿ ಯಾವಾಗ ಹೇಳ್ತಿ?" ಆ ದನಿ ಕೇಳಿದಾಗಲೆಲ್ಲ ಅವನಿಗೆ ಸುನಂದಾ ಪೂರ್ತಿ ಸತ್ತಿಲ್ಲ ಅನಿಸುತ್ತಿತ್ತು.

ಅಂದು ಬೆಳಿಗ್ಗೆ ಮಗಳ ತಲೆ ಬಾಚಿ ಜಡೆ ಹಾಕಿದವನೂ ಅವನೇ, ಗೊಂಬೆ ಮಾಡಿದವನೂ ಅವನೇ. ಮಾಟಕ್ಕೆ ಕೂದಲು ಬೇಕಲ್ಲ, ಬಾಚಣಿಗೆಯಲ್ಲಿ ಇದ್ದೇ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಬಾಚಿ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಯಾರ ಮಾಟಕ್ಕೂ ಸಿಗದಿರಲೆಂದು ಮೂರು ಸಲ ಥೂ ಎಂದು ಉಗುಳಿ, ಆಮೇಲೆ ಬಿಸಾಡುತ್ತಾರೆ. ಸುನಂದಾ ಎಂದೂ ಹಾಗೆ ಮಾಡದೆ ಇದ್ದವಳಲ್ಲ. ಅವಳಿಂದ ಜಡೆ ಹಾಕುವುದನ್ನು ನೋಡಿ ಕಲಿತಿದ್ದ ಗಂಡ ಇದನ್ನು ನೋಡಿರಲಿಲ್ಲ. ಹಾಗೆ ಉಗುಳದೆ ಇದ್ದ ಕೂದಲನ್ನೇ ಗೊಂಬೆಯ ತಲೆಗೆ ಹಚ್ಚಿ, ಮಗಳ ಕೆಂಪು ರಿಬ್ಬನ್ನಿನ ತುಂಡಿನಿಂದ ಗೊಂಬೆಯ ಬಾಯಿ ಬಿಗಿದ.

ಮಧ್ಯಾಹ್ನದ ಮೇಲೆ ಸಿಂದಗಿಯಿಂದ ಪ್ರಜ್ಞಾ, ಬಾಗೇವಾಡಿಯಿಂದ ಕಾಂತು ಬಂದರು. ಇಬ್ಬರಿಗೂ ಇದು ಮೊದಲ ಪಾಠ. ವಾಡೆಯೊಳಗೆ ಬಾವಲಿ ಹಿಕ್ಕೆಯ ಘಾಟು, ಬಿರುಕುಬಿಟ್ಟ ಮಣ್ಣಗೋಡೆಗಳ ತಂಪು, ಎಲ್ಲೋ ಒಂದೇ ಸಮನೆ ಉದುರುತ್ತಿದ್ದ ಮಣ್ಣಿನ ಸದ್ದು. ಚೇತನ ಒಂದೊಂದನ್ನೇ ಬಿಡಿಸಿ ಹೇಳಿದ. ಪ್ರಜ್ಞಾ ರೆಕಾರ್ಡರನ್ನು ಹೊಸ್ತಿಲ ಮೇಲಿಟ್ಟು, "ಇಲ್ಲಿ ಯಾರರ ಅದೀರೇನ್ರಿ?" ಎಂದು ಕೇಳಿ, ಕಲಿಸಿದಂತೆ ಸುಮ್ಮನೆ ನಿಂತಳು. ಯಾರೂ ಮಾತಾಡಲಿಲ್ಲ. ಕಾಂತು ಕಿಸಕ್ಕನೆ ನಕ್ಕ.

ಹೊತ್ತು ಇಳಿಯಿತು. ಕಾಂತು ಹೊಸ್ತಿಲ ಬುಡ ಕೆದರುತ್ತ ಕುಳಿತಿದ್ದವನು ತಲೆ ಎತ್ತಿದ.

"ಇಲ್ಲೇನೂ ಇಲ್ಲರಿ ಸರ. ಮಣ್ಣು ಕಲ್ಲಾಗೇತಿ."

"ಸರಿಯಾಗಿ ನೋಡೋ ತಮ್ಮಾ. ಮುಂಜಾನಿ ನಾನಾ ಹೂಳೇನಿ."

ಚೇತನ ತಾನೇ ಕುಳಿತು ಕೈ ಹಾಕಿದ. ಬೆಳಿಗ್ಗೆ ಹಿಟ್ಟಿನ ಹಾಗೆ ಸಡಿಲವಿದ್ದ ಮಣ್ಣು ಈಗ ಉಗುರು ಮುರಿಯುವಷ್ಟು ಗಟ್ಟಿ. ಕಲ್ಲಿನಿಂದ ಕುಟ್ಟಿದ. ತೋಡಿದ. ಗೊಂಬೆ ಇರಲಿಲ್ಲ. ಕೆಂಪು ರಿಬ್ಬನ್ನಿನ ತುಂಡು ಮಾತ್ರ ಸಿಕ್ಕಿತು. ಅದು ಒದ್ದೆಯಾಗಿತ್ತು, ಬೆಚ್ಚಗಿತ್ತು. ಆಗ ವಾಸನೆ ಬಂತು. ಕೊಯ್ದ ಲಿಂಬೆಹಣ್ಣು. ಸುತ್ತ ಬರೀ ಜೋಳದ ಹೊಲ, ಒಂದು ಲಿಂಬೆ ಗಿಡವಿಲ್ಲ. ಆ ಮಂತ್ರವಾದಿಯ ಅಂಗಳದ್ದೇ ವಾಸನೆ.

"ಸರ..." ಪ್ರಜ್ಞಾ ಕರೆದಳು. ರೆಕಾರ್ಡರ್ ತಿರುಗಿ ಹಚ್ಚಿದ್ದಳು. ಮೊದಲು ಅವಳ ಪ್ರಶ್ನೆ. ಆಮೇಲೆ ಯಾರೂ ಮಾತಾಡದ ಆ ಹೊತ್ತು. ಅದರೊಳಗಿನಿಂದ, ಮಣ್ಣಿನಡಿಯಿಂದ ಬಂದಂತೆ, ಒಂದು ಕೂಸಿನ ದನಿ.

"ಅಪ್ಪಾ, ಹಾಲ ಕುಡದೇನಿ. ಜಡಿ ಬಿಚ್ಚಿಲ್ಲ. ಕತಿ ಯಾವಾಗ ಹೇಳ್ತಿ?"

ಚೇತನನ ಫೋನ್ ಬಡಿದುಕೊಂಡಿತು. ಸುರೇಖಾ.

"ಚೇತೂ, ಶೈಲು ಮಾತಾಡವಲ್ಲಳೋ! ಬಾಯಿ ತಗೀತಾಳ, ದನಿನಾ ಬರವಲ್ದು. ನಿನಗ ಫೋನ್ ಹಚ್ಚು ಅಂತ ಕೈಸನ್ನಿ ಮಾಡಾಕತ್ತಾಳ."

"ದವಾಖಾನಿಗೆ ಕರಕೊಂಡು ಹೋಗಕ್ಕಾ. ಈಗಿಂದೀಗ. ತಡೀ, ಫೋನ್ ಅಕಿ ಕಿವೀಗೆ ಹಿಡಿ." ಅವನು ದನಿ ಗಟ್ಟಿ ಮಾಡಿಕೊಂಡ. "ಶೈಲೂ, ಅಂಜಬ್ಯಾಡವ್ವಾ. ನಾ ಮನಿಗೆ ಬಂದು ಕತಿ ಹೇಳ್ತೇನಿ."

ಆ ಕಡೆಯಿಂದ ಬರೀ ಗಾಳಿ ಬಂತು. ಬೆಳಿಗ್ಗೆ ಸುಂದರವ್ವನ ಗಂಟಲಿನಿಂದ ಬಂದಂಥದ್ದೇ.

ಮಣ್ಣು ಕುಟ್ಟುವ ಸದ್ದು ಕೇಳಿ ಅಕ್ಕ ತಮ್ಮ ಓಡಿಬಂದಿದ್ದರು. ತೋಡಿದ ಗುಣಿ ನೋಡಿದ್ದೇ ಸುಂದರವ್ವ ಹಣೆ ಹಣೆ ಬಡಿದುಕೊಂಡಳು.

"ಯಾರದು ಹೂಳಿದ್ರಿ?" ಗುರುಲಿಂಗಪ್ಪ ಕೇಳಿದ.

"ಮಗಳದು."

"ಹೊತ್ತು ಮುಳುಗೂದರಾಗ ಹೊಸ್ತಲದ ಮ್ಯಾಲ ಕುಂಡ್ರಿ. ಅಕಿದು ಬಿಡು, ನಂದು ತಗೋ ಅನ್ರಿ. ಹೂಳಿದವರಾ ಅನಬೇಕು. ಬ್ಯಾರೆ ದಾರಿ ಇಲ್ಲ."

"ನಿಮಗ ಹೆಂಗ ಗೊತ್ತು?"

ಗುರುಲಿಂಗಪ್ಪ ಅಕ್ಕನ ಕಡೆ ನೋಡಿದ. "ಸಣ್ಣಾಂವ ಇದ್ನಿ. ಆಟಕ್ಕಂತ ಅಕ್ಕನ ಗೊಂಬಿ ಇಲ್ಲಿ ಹುಗದಿದ್ನಿ. ನಮ್ಮಪ್ಪ ನನ್ನ ಇದಾ ಹೊಸ್ತಲದ ಮ್ಯಾಲ ಕುಂಡ್ರಿಸಿದ. ನನ್ನ ಬಾಯಿಂದ ಆ ಮಾತು ಬರಲಿಲ್ರಿ. ಅಂಜಿದ್ನಿ." ಮುದುಕ ಬಿಕ್ಕತೊಡಗಿದ. ಸುಂದರವ್ವ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಜನ್ಮವಿಡೀ ಅದನ್ನೇ ಮಾಡಿಕೊಂಡು ಬಂದವಳ ಹಾಗೆ ಒರೆಸಿದಳು.

ಜೋಳದ ಹೊಲದಾಚೆ ಸೂರ್ಯನ ಅಂಚು ಮಾತ್ರ ಉಳಿದಿತ್ತು. ಆ ಮಾತು ಆಡಿದರೆ ಸುನಂದಾಳನ್ನು ಅಂಗಳದಲ್ಲಿ ಮಲಗಿಸಿದವರಿಗೆಲ್ಲ ಹೂಂ ಎಂದಂತೆ. ಆಡದಿದ್ದರೆ ಸುನಂದಾಳ ದನಿ ಈ ಮಣ್ಣಿಗೆ. ಚೇತನನಿಗೆ ಅಳು ಬಂತು. ದವಾಖಾನೆಯಲ್ಲಿ ಸರಿಯಾದರೆ? ಆಗದಿದ್ದರೆ? ರೆಕಾರ್ಡರಿನಲ್ಲಿ ಕೂಸು ಮತ್ತೆ ಕೇಳಿತು. ಕತಿ ಯಾವಾಗ ಹೇಳ್ತಿ?

ಅವನು ಕುಳಿತ. ಕಲ್ಲು ಕಾದಿತ್ತು. ಲಿಂಬೆಯ ವಾಸನೆ ಮೂಗಿಗಡರಿತು. ಸೂರ್ಯನ ಅಂಚು ಸಣ್ಣದಾಯಿತು. ಇನ್ನೂ ಸಣ್ಣದಾಯಿತು.

"ಅಕಿದು ಬಿಡು," ಎಂದ. "ನಂದು ತಗೋ."

ಗಾಳಿ ನಿಂತಿತು. ಬಾವಲಿಗಳು ಒಮ್ಮೆಲೇ ಎದ್ದವು. ಮಣ್ಣು ಬಾಯಿ ತೆರೆದಂತೆ ಸದ್ದು. ಯಾವುದೋ ತಣ್ಣನೆಯ ಬೆರಳು ನಾಲಗೆಯ ಬುಡ ಮುಟ್ಟಿತು. ಮುಟ್ಟಿ, ಎಳೆಯಿತು. ನೋವಿಲ್ಲ. ಖಾಲಿ. ಬರೀ ಖಾಲಿ.

ಕೈಯಲ್ಲಿದ್ದ ಫೋನಿನಿಂದ ದನಿ ಚಿಮ್ಮಿತು. "ಅಪ್ಪಾ! ಅಪ್ಪಾ, ನನಗ ಮಾತ ಬಂತು! ಕೇಳಾಕತ್ತೇತೇನ? ಅಪ್ಪಾ?"

ಚೇತನ ಬಾಯಿ ತೆರೆದ.

ವಿಜಯಪುರದ ಡಾಕ್ಟರು ಚೇತನನ ಗಂಟಲು ನೆಟ್ಟಗಿದೆ ಎಂದರು. ಸೊಲ್ಲಾಪುರದವರೂ ಅದನ್ನೇ ಹೇಳಿದರು. ಮಗಳು ಮೊದಮೊದಲು ಸಿಟ್ಟಾದಳು. "ನಾ ಏನ್ ತಪ್ಪ ಮಾಡೇನಿ ಅಪ್ಪಾ? ನನ್ನ ಕೂಡ ಯಾಕ ಮಾತಾಡವಲ್ಲಿ?" ಎಂದು ಅವನ ಗದ್ದ ಹಿಡಿದು ಅಲುಗಿಸಿದಳು. ಅವನು ಕೈಸನ್ನೆಯಲ್ಲಿ ಕತೆ ಹೇಳಲು ನೋಡಿದ. ನರಿಯಾದ, ತೋಳವಾದ. ದನಿಯಿಲ್ಲದ ತೋಳ ನೋಡಿ ಕೂಸು ಅಂಜಿ ಅತ್ತೆಯ ಹಿಂದೆ ಅಡಗಿತು.

ಕೆಲವು ದಿನಗಳ ಮೇಲೆ ಪ್ರಜ್ಞಾ ಬಂದಳು. ಅಂದು ಗಾಬರಿಯಲ್ಲಿ ರೆಕಾರ್ಡರ್ ಹೊಸ್ತಿಲ ಮೇಲೇ ಬಿಟ್ಟು ಬಂದಿದ್ದರಂತೆ, ಗುರುಲಿಂಗಪ್ಪ ತಂದುಕೊಟ್ಟನಂತೆ. "ಇದರಾಗ ನಿಮ್ಮ ದನಿ ಐತ್ರಿ ಸರ," ಎಂದಳು. ಹಚ್ಚಿದಳು. ಚೇತನ ಆ ದಿನ ಆಡದೇ ಇದ್ದ ಮಾತು ಅದರಲ್ಲಿತ್ತು. ಅವನದೇ ದನಿ, ಅವನದೇ ನರಿ, ಅವನದೇ ತೋಳ. ಕತೆ ಸಾವಕಾಶವಾಗಿ ನಡೆದಿತ್ತು. ಶೈಲು ಓಡಿಬಂದು ರೆಕಾರ್ಡರ್ ಕಸಿದು ಕಿವಿಗೆ ಒತ್ತಿಕೊಂಡಳು. ಬಹಳ ದಿನದ ಮೇಲೆ ಅವಳು ನಕ್ಕಳು.

ಈಗ ಅವಳು ಅದನ್ನು ಬಿಟ್ಟು ಮಲಗುವುದಿಲ್ಲ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೂ ಅದು ಅವಳ ಕೈಯಲ್ಲೇ ಇರುತ್ತದೆ. ಚೇತನ ಬಾಚಣಿಗೆಯ ಕೂದಲನ್ನು ತಪ್ಪದೆ ಬೆರಳಿಗೆ ಸುತ್ತುತ್ತಾನೆ. ಥೂ ಎನ್ನಲು ತುಟಿ ಮುಂದೆ ಮಾಡುತ್ತಾನೆ, ಗಾಳಿ ಬರುತ್ತದೆ. ಮೊನ್ನೆ ಹಾಗೆ ಕುಳಿತಾಗ ಶೈಲು ಕಿವಿಯಿಂದ ರೆಕಾರ್ಡರ್ ತೆಗೆಯದೆ, ಒಮ್ಮೆ ಹಿಂದೆ ತಿರುಗಿ ಅವನ ಮುಖ ನೋಡಿ, ಸುರೇಖಾಳನ್ನು ಕೇಳಿದಳು.

"ಅತ್ತೀ, ಅಪ್ಪ ಇದರಾಗ ಅದಾನ. ಹಂಗಾರ ನನ್ನ ತಲಿ ಹಿಕ್ಕಿ ಜಡಿ ಹಾಕಾಂವ ಯಾರು?"

ಸುರೇಖಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚೇತನ ಕೆಂಪು ರಿಬ್ಬನ್ ಬಿಗಿದು, ಜಡೆಯನ್ನು ಅವಳ ಹೆಗಲ ಮುಂದೆ ಬಿಟ್ಟ.