ಲಾಭದಿಂದ ಎಣಿಕೆ

ಧನಕವಡಿಯಲ್ಲಿ ನೆಲೆಸಿದ ನಮ್ಮ ಕನ್ನಡದ ಮಂದಿಯನ್ನು ಕೊಂಕಣದ ಒಂದು ಪುಟ್ಟ ಬಂದರು ದ್ವೀಪಕ್ಕೆ ಪ್ರವಾಸ ಕರೆದೊಯ್ಯಲು ಶುರು ಮಾಡಿ ಹತ್ತೊಂಬತ್ತು ವರ್ಷವಾಯಿತು. ಕೋಟೆ, ದೀಪಸ್ತಂಭ, ಒಣಮೀನಿನ ಸಂತೆ ಎಲ್ಲ ತೋರಿಸಿ, ಒಬ್ಬರನ್ನೂ ಬಿಡದೆ ಕರೆತಂದಿದ್ದೇನೆ. ಜೋಳ ಅಳೆಯುವಾಗ ನಮ್ಮಪ್ಪ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದರು. ನಾನು ಮಂದಿಯನ್ನೂ ಹೆಗಲು ಮುಟ್ಟಿ ಹಾಗೆಯೇ ಎಣಿಸುತ್ತೇನೆ: ‘ಲಾಭ, ಎರಡು, ಮೂರು...’

ಕಳೆದ ಮಾಘದಲ್ಲಿ, ಸಂಜೆಯ ಕೊನೆಯ ದೋಣಿಯಲ್ಲಿ ಎಣಿಸಿದಾಗ ನಾನು ಕರೆತಂದಿದ್ದ ಮೂವತ್ತೂ ಮಂದಿ ಇದ್ದರು. ಕೊನೆಯ ಹೆಗಲು ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಹಗ್ಗ ಬಿಚ್ಚುವಾಗ ನಮ್ಮ ಗುಂಪಿನ ಹುಡುಗಿ ಸೋನಾಲಿ ಚೀರಿದಳು: “ಕಾಕಾ, ನಮ್ಮಾಯಿ ಬಂದಿಲ್ರೀ!”

ಓಡಿದೆ. ಅವಳ ಅಜ್ಜಿ ಮರೆಮ್ಮ ದೀಪಸ್ತಂಭದ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕೂತಿದ್ದಳು.

“ಇಲ್ಯಾಕ ಕುಂತಿ ಆಯಿ? ಬೋಟ್ ಹೋಗ್ತದ!”

“ನಮ್ಮ ಮಾತಿನಾಕಿ ಒಬ್ಬಾಕಿ ಬಂದಿದ್ಲಪಾ. ‘ನೀ ಇಲ್ಲೇ ಕುಂದ್ರು, ನಿನ್ನ ಬದಲಿ ನಾ ಹೋಗ್ತೀನಿ, ನಮ್ಮ ಮಂದೀನ್ನ ನೋಡಿ ಭಾಳ ವರ್ಷಾತು’ ಅಂದ್ಲು.”

ಮರೆಮ್ಮನನ್ನು ದೋಣಿಯಲ್ಲಿ ಕೂರಿಸಿ ಮತ್ತೆ ಎಣಿಸಿದೆ. ಮೂವತ್ತೇ. ತಣ್ಣನೆಯ ಹೆಗಲು ಸಿಗಲಿಲ್ಲ.

ಧನಕವಡಿಯಲ್ಲಿ ಎಲ್ಲರೂ ಬಸ್ಸಿನಿಂದ ಇಳಿದು ಸಾಲಾಗಿ ನಿಂತರು. ಈ ಸಲವೂ ಯಾರನ್ನೂ ಬಿಟ್ಟು ಬರಲಿಲ್ಲವೆಂಬ ಹೆಮ್ಮೆಯಲ್ಲಿ ಎಣಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಖಾಲಿ ಬಸ್ಸಿನೊಳಗಿಂದ ಹೆಣ್ಣುದನಿಯೊಂದು ಮೆಲ್ಲಗೆ “ಲಾಭ” ಅಂದಿತು.