ಕಂಬಳಿ ನೇಯುವವರ ಚಿತ್ರ

ಚೌಕಟ್ಟು ಗೋಡೆಯ ಮೇಲೇ ಇತ್ತು. ಒಳಗಿನ ಚಿತ್ರ ಇರಲಿಲ್ಲ!

ಬೆಳಿಗ್ಗೆ ನಡುಮನೆಗೆ ಬಂದ ಜಾನಕಮ್ಮ ಕೂಗಿಕೊಂಡರು. ಯಾರೋ ಬ್ಲೇಡಿನಿಂದ ಅಂಚುಗುಂಟ ಕೊಯ್ದು ಚಿತ್ರ ಒಯ್ದಿದ್ದರು. ಪಕ್ಕದ ಕಿಟಕಿ ಹಾರುಹೊಡೆದಿತ್ತು.

ಅಜ್ಜಂಪುರದಲ್ಲಿ ಆ ಚಿತ್ರ ನೋಡದವರು ಕಡಿಮೆ. ನೂರೈವತ್ತು ವರ್ಷದ ಹಿಂದೆ ಯಾರೋ ಬಿಳಿಯ ಚಿತ್ರಕಾರ ಬಟ್ಟೆಯ ಮೇಲೆ ಬರೆದದ್ದು. ಮಬ್ಬುಗತ್ತಲ ಕೋಣೆ. ಒಬ್ಬ ಕಂಬಳಿ ನೇಯುತ್ತಿದ್ದಾನೆ, ಇಬ್ಬರು ಉಣ್ಣೆ ಹಿಂಜುತ್ತಿದ್ದಾರೆ. ಮಗ್ಗದಲ್ಲಿ ಕೂತವನು ಜಾನಕಮ್ಮನ ಮುತ್ತಜ್ಜನ ತಂದೆ. ಆ ಮನೆತನದ ಹಳಬರಲ್ಲಿ ಮುಖ ಅಂತ ಉಳಿದದ್ದು ಅವನದೊಂದೇ. ಅಂದು ಮಧ್ಯಾಹ್ನ ಮೈಸೂರಿನಿಂದ ತಜ್ಞೆಯೊಬ್ಬರು ಅದನ್ನು ನೋಡಲು ಬರುವವರಿದ್ದರು.

"ಬಡಗಿ ವಿಜಯ್‌ದೇ ಕೆಲ್ಸ! ನಿನ್ನೆ ಆ ಕಿಟಕಿ ರಿಪೇರಿ ಮಾಡ್ದೋನು ಅವ್ನೇ. ಕಳ್ಳ!" ಜಾನಕಮ್ಮ ಬೀದಿಯಲ್ಲೇ ನಿಂತು ಕಿರುಚಿದರು.

ಸಬ್ ಇನ್ಸ್‌ಪೆಕ್ಟರ್ ಶರಣ್ಯಾ ಬರುವಷ್ಟರಲ್ಲಿ ಪೇದೆಗಳು ವಿಜಯ್‌ನನ್ನು ಹಿಡಿದು ಜೀಪಿನಲ್ಲಿ ಕೂರಿಸಿದ್ದರು. ಅವನ ತಾಯಿ ಮಾರಮ್ಮ ಗೇಟು ಹಿಡಿದು ನಿಂತಿದ್ದಳು.

"ನನ್ ಮಗ ಅಂಥೋನಲ್ಲ ತಾಯಿ... ನಾಳೆ ಹೆಣ್ಣಿನ ಕಡೆಯೋರು ಬರ್ತಾವ್ರೆ. ಇದು ಗೊತ್ತಾದ್ರೆ ಬಂದಾರಾ?"

ಶರಣ್ಯಾ ಜೀಪಿನತ್ತ ಬಗ್ಗಿದಳು. "ಕಿಟಕಿ ಚಿಲಕ ಹಾಕಿದ್ಯಾ?"

"ಹಾಕಿ ತೋರ್ಸೇ ಹೋದೆ ಮೇಡಂ. ಅಭಿರಾಮಣ್ಣ ನೋಡಿದ್ರು."

ಅಭಿರಾಮ್ ಜಾನಕಮ್ಮನ ಅಣ್ಣನ ಮಗ. ತರೀಕೆರೆಯಲ್ಲಿ ಫೋಟೊ ಸ್ಟುಡಿಯೊ. ತಜ್ಞೆ ಬರುತ್ತಾರೆಂದು ನಿನ್ನೆಯೇ ಬಂದು ಉಳಿದಿದ್ದ.

"ನೋಡಿದ್ದು ನಿಜ. ಆಮೇಲೆ ತೆಗೆದಿರ್ಬೋದಲ್ಲ?" ಎಂದ ಅವನು. "ಹೊತ್ತು ಮಾಡ್ಬೇಡಿ ಮೇಡಂ. ಮಾಲು ಕಡೂರಲ್ಲಿ ರೈಲು ಹತ್ಬಿಡುತ್ತೆ."

ಶರಣ್ಯಾ ನಡುಮನೆಗೆ ನಡೆದಳು. ಚೌಕಟ್ಟನ್ನು ಇಳಿಸಿ, ಬೋರಲು ಹಾಕಿ ನೋಡುತ್ತಾ ಕೂತಳು.

"ಅಮ್ಮಾ, ಈ ಚಿತ್ರ ಯಾವತ್ತಾದ್ರೂ ಮನೆಯಿಂದ ಆಚೆ ಹೋಗಿತ್ತಾ?"

"ಇಲ್ಲ... ಹಾಂ, ದೀಪಾವಳಿಗೆ ಮುಂಚೆ ಅಭಿ ಒಯ್ದಿದ್ದ. ಕ್ಲೀನ್ ಮಾಡಿಸ್ಕೊಡ್ತೀನಿ ಅಂತ."

"ಎಲ್ಲರೂ ಹೋದದ್ದನ್ನ ಹುಡುಕಿದ್ರಿ. ಉಳಿದದ್ದನ್ನ ಯಾರೂ ನೋಡ್ಲಿಲ್ಲ." ಶರಣ್ಯಾ ಚೌಕಟ್ಟಿಗೆ ಅಂಟಿಕೊಂಡಿದ್ದ ಬಟ್ಟೆಯ ಅಂಚನ್ನು ಎಳೆದು ತೋರಿಸಿದಳು. "ನೂರೈವತ್ತು ವರ್ಷದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿರ್ಬೇಕು. ಇದರ ಹಿಂಬದಿ ಹಾಲಿನ ಹಾಗೆ ಬಿಳಿ! ಇದು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕೋ ಬಟ್ಟೆ. ರಾತ್ರಿ ಕಳುವಾಗಿದ್ದು ನಕಲು."

"ನಕಲನ್ನ ಯಾರು ಕದೀತಾರೆ?" ಜಾನಕಮ್ಮ ಬೆಪ್ಪಾದರು.

"ನಕಲು ಅಂತ ಗೊತ್ತಾಗ್ಬಾರ್ದು ಅನ್ನೋನು. ತಜ್ಞೆ ನೋಡಿದ್ರೆ ಒಂದೇ ನಿಮಿಷದಲ್ಲಿ ಹೇಳ್ಬಿಡ್ತಿದ್ರು. ಅಷ್ಟರೊಳಗೆ ಅದು ಮಾಯ ಆಗ್ಬೇಕಿತ್ತು. ಒಳಗಿಂದ ಚಿಲಕ ತೆಗೆದ್ರೆ ಅಪವಾದ ವಿಜಯ್ ಮೇಲೆ — ಅಸಲು ಎಲ್ಲಿ, ಅಭಿರಾಮ್?"

ಅಭಿರಾಮ್ ಜಾನಕಮ್ಮನತ್ತ ತಿರುಗಿದ.

"ಸ್ಟುಡಿಯೊ ಬೀರುವಲ್ಲಿದೆ... ಕೊಳ್ಳೋರು ಬರೋರಿದ್ರು. ನಕಲನ್ನ ಹಂಡೆ ಒಲೆಗೆ ಹಾಕ್ದೆ. ಅತ್ತೆ, ನಿಮ್ಗೆ ಗೊತ್ತಾಗಲ್ಲ ಅನ್ಕೊಂಡೆ—"

"ಇಷ್ಟು ದಿನ ನಿನ್ನ ಪ್ರಿಂಟಿಗೆ ಕೈ ಮುಗಿದ್ನಲ್ಲೋ!"

ಜಾನಕಮ್ಮ ಮತ್ತೆ ಅವನತ್ತ ನೋಡಲಿಲ್ಲ. ಬರಿಗಾಲಲ್ಲಿ ಗೇಟಿನವರೆಗೆ ನಡೆದರು. ವಿಜಯ್ ಜೀಪಿನಿಂದ ಇಳಿಯುತ್ತಿದ್ದ.

"ತಪ್ಪಾಯ್ತು ಕಣೇ ಮಾರಮ್ಮ," ಎಂದರು ಮೆಲ್ಲಗೆ.

ಮಾರಮ್ಮ ಕಣ್ಣೊರೆಸಿಕೊಂಡಳು. "ನನ್ ಕಿವೀಲಿ ಯಾಕಮ್ಮ ಹೇಳ್ತೀರಾ? ಕಳ್ಳ ಅಂದಿದ್ದು ಬೀದಿಗೆಲ್ಲ ಕೇಳ್ಸೋ ಹಾಗೆ."

ಮನೆ ಮುಂದೆ ಜನ ಕಿಕ್ಕಿರಿದಿದ್ದರು. ಜಾನಕಮ್ಮ ಅವರತ್ತ ತಿರುಗಿ, ಉಸಿರು ತೆಗೆದುಕೊಂಡು, ದನಿ ಎತ್ತರಿಸಿದರು.